ಏರಿ ಇಲ್ಲದ ಕೆರೆ

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡಲು ಸುರುವಾಯಿತು. ಇಷ್ಟು ಖಾತ್ರಿಯಾಗಿ ಹೇಳಲು ಹುಬ್ಬಳ್ಳಿ ಬಸ್ಸು ಕಾರಣ. ಹತ್ತೂ ಮುಕ್ಕಾಲಿಗೆ ನವಲಗುಂದ ಬಿಡಬೇಕಾದ ಆ ಬಸ್ಸು ದಿನಾಲೂ ತಪ್ಪದೆ ಹನ್ನೊಂದೂ ಹತ್ತಕ್ಕೆ ಬಿಡುತ್ತಿತ್ತು. ಗೆಳೆಯ ಮಕ್ತುಮನ ಮನೆಯ ಮುಂದಿನ ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಹೊಡೆಯುತ್ತಿತ್ತು. ಅದು ಹಾರ್ನ್ ಹೊಡೆದಾಗ ನನ್ನ ಪೆನ್ಸಿಲ್ಲಿನ ಮೊನೆ ನಕ್ಷೆಯ ಎರಡು ಕಂದು ಗೆರೆಗಳ ನಡುವೆ ಹಿಡಿಸದೆ ನಿಂತಿತ್ತು.

ನಮ್ಮ ಕತೆಯನ್ನು ಕಾಲೇಜಿನ ಅಂಗಡಿ ಸರ್ ಬಾಯಿಂದ ಕೇಳಿದವರು, ಅನಾಹುತ ಆದದ್ದು ಮಧ್ಯಾಹ್ನ ಎರಡೂ ಮೂವತ್ತೈದಕ್ಕೆ, ಹಿಮಾಲಯದಲ್ಲಿ, ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಎಂದು ತಿಳಿದಿದ್ದಾರೆ. ತಿಳಿಯಲಿ. ಅದು ಆದದ್ದು ಅದಕ್ಕೂ ಏಳು ವಾರ ಮೊದಲು, ರವಿವಾರ, ನವಲಗುಂದದಲ್ಲಿ, ಒಂದು ಜಮಖಾನೆಯ ಮೇಲೆ. ಅಪರಾಧಕ್ಕೆ ಬಳಸಿದ ಪೆನ್ಸಿಲ್ಲಿನ ಮೋಟು ಮೊನ್ನೆ ಟ್ರಂಕಿನ ತಳದಲ್ಲಿ ಸಿಕ್ಕಿತು. ಈಗಲೂ ಮೊಂಡಾಗಿದೆ. ಆಗ ಎದ್ದು ಹೋಗಿ ಅದನ್ನು ಹೆರೆದಿದ್ದರೆ ಸಾಕಿತ್ತು. ಹೆರೆಯುವ ಬ್ಲೇಡು ಒಳಗಿನ ಖೋಲಿಯಲ್ಲಿತ್ತು, ನಾನು ಹೊರಗಿನ ಪಡಸಾಲೆಯಲ್ಲಿದ್ದೆ. ಹಿಮಾಲಯಕ್ಕೆ ಹೊರಟವನಿಗೆ ಒಳಗಿನ ಖೋಲಿ ದೂರವಾಯಿತು.

ನಮ್ಮ ಕಡೆ ಹುಟ್ಟಿದವನಿಗೆ ಎತ್ತರ ಎಂದರೇನೆಂದು ತಿಳಿಯುವ ಅವಕಾಶವೇ ಕಡಿಮೆ. ಊರ ಬಾಜೂಕ್ಕೆ ಒಂದು ಗುಡ್ಡವಿದೆ. ಅದನ್ನು ಗುಡ್ಡ ಎಂದು ಕರೆಯುವುದು ನಮ್ಮ ದೊಡ್ಡ ಮನಸ್ಸು. ಅದನ್ನು ಬಿಟ್ಟರೆ ಎತ್ತ ನೋಡಿದರೂ ಕಪ್ಪು ಹೊಲ, ಹತ್ತಿ, ಜೋಳ, ಮುಗಿದಲ್ಲಿ ಆಕಾಶ. ನಾವು ಸಣ್ಣವರಿದ್ದಾಗ ಮೇಲೆ ಎಂದರೆ ಮೆಣಸಿನಕಾಯಿ ಒಣಗಿಸುವ ಮಾಳಿಗೆ, ಕೆಳಗೆ ಎಂದರೆ ಜೋಳ ತುಂಬುವ ನೆಲದ ಹಗೇವು. ಈ ಎರಡರ ನಡುವೆ ನಮ್ಮ ಭೂಗೋಳ ಮುಗಿಯುತ್ತಿತ್ತು. ಅಂಥ ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ಭೂಗೋಳವನ್ನೇ ತೆಗೆದುಕೊಂಡು ಬಿ.ಎ. ಮಾಡಿದೆ. ನಕ್ಷೆಯ ಮೇಲೆ ಕಂದು ಗೆರೆಗಳು ಎತ್ತರವನ್ನು ತೋರಿಸುತ್ತವೆ, ಅವು ಒತ್ತೊತ್ತಾಗಿ ಬಂದಷ್ಟೂ ಚಡಾವು ಹೆಚ್ಚು, ಒಂದಕ್ಕೊಂದು ತಗುಲಿದರೆ ಅದು ಗೋಡೆಯಂಥ ಬಂಡೆ ಎಂದು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದಿದ್ದೆ. ಆದರೆ ನಮ್ಮ ತಾಲೂಕಿನ ನಕ್ಷೆಯಲ್ಲಿ ಒಂದು ಕಂದು ಗೆರೆ ಕಾಣಬೇಕಾದರೆ ಅರ್ಧ ತಾಸು ಹುಡುಕಬೇಕು. ಸಿಕ್ಕರೆ ಅದು ದಾರಿ ತಪ್ಪಿದ ಎಮ್ಮೆಯ ಹಾಗೆ ಒಂಟಿಯಾಗಿ ಎಲ್ಲಿಗೋ ಹೋಗುತ್ತಿರುತ್ತದೆ. ಅವು ಹಿಂಡಾಗಿ ಬರುತ್ತವೆಂದು ನಾನು ಓದಿದ್ದೆ, ಅಷ್ಟೆ.

ನಮಗೆ ಪಾಠ ಹೇಳಿದ ಅಂಗಡಿ ಸರ್ ಕಾಲೇಜಿನಲ್ಲಿ ಪರ್ವತಾರೋಹಣ ಸಂಘ ಕಟ್ಟಿದ್ದರು. ಅಣ್ಣಿಗೇರಿಯಲ್ಲಿ ಪರ್ವತಾರೋಹಣ ಸಂಘ ಕಟ್ಟುವುದೆಂದರೆ ಮರಳುಗಾಡಿನಲ್ಲಿ ಅಂಬಿಗರ ಸಂಘ ಕಟ್ಟಿದ ಹಾಗೆ, ವಿರೋಧಿಗಳು ಯಾರೂ ಇರುವುದಿಲ್ಲ. ಸರ್ ಒಳ್ಳೆಯವರು. ಆದರೆ ಓದಿದ ಊರುಗಳಿಗೆಲ್ಲ ತಾವು ಹೋಗಿಬಂದಿದ್ದೇವೆ ಎಂದು ನಂಬುವ ಒಂದು ಬೇನೆ ಅವರಿಗಿತ್ತು. ತರಬೇತಿಗೆಂದು ನಮ್ಮನ್ನು ನೀರಿನ ಟಾಕಿಯ ಮೆಟ್ಟಿಲು ಹತ್ತಿಸುತ್ತಿದ್ದರು, ಬೆನ್ನ ಮೇಲೆ ಹತ್ತಿ ತುಂಬಿದ ಚೀಲ ಕಟ್ಟಿ. ಹತ್ತಿಯ ಚೀಲ ನೋಡಲು ಗುಡ್ಡದಷ್ಟಿರುತ್ತದೆ, ಹೊರಲು ಹಗುರ. ಫೋಟೋದಲ್ಲಿ ನಾವು ಭಯಂಕರ ಶ್ರಮಪಡುತ್ತಿರುವಂತೆ ಕಾಣುತ್ತಿದ್ದೆವು.

ಆ ವರ್ಷ ಸರ್ ಹಿಮಾಲಯದ ಒಂದು ಎತ್ತರದ ಸರೋವರವನ್ನು ಸುತ್ತು ಹಾಕುವ ಯೋಜನೆ ಹಾಕಿದರು. ಶಿಖರ ಹತ್ತುವುದು ತಮ್ಮ ಮೊಣಕಾಲಿಗೆ ಆಗದೆಂದು ಅವರಿಗೆ ಗೊತ್ತಿತ್ತು. ಸರೋವರವಾದರೆ ಸುತ್ತು ಹಾಕಿದರಾಯಿತು, ಕೆರೆ ಸುತ್ತಿದ ಹಾಗೆ. ಹೋಗುವವರು ಮೂವರು. ಸರ್, ಬಿ.ಎ. ಮುಗಿಸಿ ನೌಕರಿ ಸಿಗದೆ ಮನೆಯಲ್ಲಿ ಕುಳಿತಿದ್ದ ನಾನು, ಮತ್ತು ನನ್ನ ಗೆಳೆಯ ಮಕ್ತುಮ. ಅವನು ನನ್ನ ಜೊತೆಗೇ ಕಾಲೇಜು ಸೇರಿ ನಡುವೆ ಬಿಟ್ಟು, ತಾಯಿ ನೇಯ್ದ ಜಮಖಾನೆಗಳನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಪರ್ವತದ ಹುಚ್ಚು ಅವನಿಗೆ ಎಳ್ಳಷ್ಟೂ ಇರಲಿಲ್ಲ. ಸರ್ ಹಿಂದಿಯೂ ನನ್ನ ಹಿಂದಿಯೂ ಸ್ಟೇಷನ್ನಿನಲ್ಲಿ ಚಹಾ ಕೇಳುವಷ್ಟಿತ್ತು. ಮನೆಯಲ್ಲೇ ಉರ್ದು ಆಡುವ ಮಕ್ತುಮ ಬೇಕೇ ಬೇಕಾಯಿತು. ಅವನನ್ನು ಒಪ್ಪಿಸಿದವನು ನಾನು. ಇದನ್ನು ಗುರುತು ಹಾಕಿಕೊಳ್ಳಿ.

ಸರ್ ಯಾರೋ ನಿವೃತ್ತ ಸೈನಿಕರನ್ನು ಕಾಡಿ ಒಂದು ಹಳೆಯ ನಕ್ಷೆ ತಂದಿದ್ದರು, ಸೋಮವಾರ ಮರಳಿಸಬೇಕು. ಅದರ ಪ್ರತಿ ತೆಗೆಯುವ ಕೆಲಸ ನನ್ನದು. ಮಕ್ತುಮನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕುಳಿತೆ. ಒಳಗೆ ಅವನ ತಾಯಿ, ನಾವೆಲ್ಲ ಹಸೀನಾ ಚಾಚಿ ಎನ್ನುತ್ತಿದ್ದವರು, ಮಗ್ಗದ ಮುಂದೆ ಕುಳಿತು ಕಬ್ಬಿಣದ ಪಂಜಾದಿಂದ ನೂಲನ್ನು ಬಡಿಯುತ್ತಿದ್ದರು. ಆ ಸದ್ದಿಗೆ ನಿದ್ದೆ ಬರುತ್ತದೆ, ಅಷ್ಟು ಹದವಾದದ್ದು.

ನದಿ ಆಯಿತು, ಹಾದಿ ಆಯಿತು, ನಡುವೆ ನೀಲಿಯ ಸರೋವರ ಆಯಿತು. ಸರೋವರದ ಪೂರ್ವದ ದಡಕ್ಕೆ ಬಂದಾಗ ಕಂದು ಗೆರೆಗಳು ಒಮ್ಮೆಲೆ ದಟ್ಟವಾದವು, ಜಾತ್ರೆಯ ಬಸ್ಸಿಗೆ ಮಂದಿ ಮುಗಿಬಿದ್ದ ಹಾಗೆ. ಐದು ಗೆರೆಗೆ ಒಂದರಂತೆ ಎಳೆದು ನೋಡಿದೆ, ಮೊನೆ ಹಿಡಿಸಲಿಲ್ಲ. ಹತ್ತಕ್ಕೊಂದು, ಹಿಡಿಸಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು. ಇಷ್ಟು ಅಂದವಾದ ನಕ್ಷೆಯ ಮೇಲೆ ಇಲ್ಲೊಂದು ಮಸಿಯ ಕಲೆ ಯಾಕೆ ಎಂದುಕೊಂಡು ಆ ಗೆರೆಗಳನ್ನು ಬಿಟ್ಟೇಬಿಟ್ಟೆ. ಗೆರೆಗಳು ಎಲ್ಲಿ ಎಲ್ಲಕ್ಕಿಂತ ದಟ್ಟವಾಗಿದ್ದವೋ ಅಲ್ಲಿ ನನ್ನ ನಕ್ಷೆ ಎಲ್ಲಕ್ಕಿಂತ ಶುಭ್ರವಾಗಿತ್ತು.

ಆಮೇಲೆ ಹಾದಿಯ ಉದ್ದ ಅಳೆಯಬೇಕಲ್ಲ. ಸೊಟ್ಟ ಹಾದಿಗೆ ಪಟ್ಟಿ ನಡೆಯುವುದಿಲ್ಲ. ನೂಲನ್ನು ಹಾದಿಯ ಮೇಲೆ ಅಂಟಿಸುತ್ತ ಹೋಗಿ ನೂಲಿನ ಉದ್ದ ಅಳೆಯಬೇಕು. ಚಾಚಿಯನ್ನು ಕೇಳಿದೆ. ಕೆಂಪು ನೂಲು ಹಿಡಿದು ಅವರೇ ಹೊರಗೆ ಬಂದರು. ನಕ್ಷೆಯನ್ನು ಜಮಖಾನೆಯ ಚಿತ್ತಾರ ನೋಡುವ ಹಾಗೆ, ದೂರ ನಿಂತು, ತಲೆ ಓರೆ ಮಾಡಿ ನೋಡಿದರು.

"ಈ ನೀಲಿ ಏನೋ ಈರ್ಯಾ?"

"ಕೆರಿರೀ ಚಾಚಿ."

"ನಮ್ಮ ಮಕ್ತುಮಗ ಈಜು ಬರೂದಿಲ್ಲ. ಗೊತ್ತಿಲ್ಲೇನು ನಿನಗ?"

"ಈಜೂದು ಎಲ್ಲಿ ಬಂತ್ರಿ? ಏರಿ ಮ್ಯಾಲೆ ಹಾದಿ."

"ಏರಿ ಐತಿ?"

ಇಲ್ಲಿ ಸ್ವಲ್ಪ ತಡೆಯಿರಿ. ನಮ್ಮ ಸೀಮೆಯಲ್ಲಿ ಕೆರೆ ಎಂದರೆ ಮೊದಲು ಏರಿ, ಆಮೇಲೆ ನೀರು. ಹಿಂದಿನವರು ಯಾರೋ ಮಣ್ಣು ಹೊತ್ತು ಒಡ್ಡು ಕಟ್ಟಿದ್ದರಿಂದಲೇ ನೀರು ನಿಂತಿದೆ. ಆ ಒಡ್ಡಿನ ಮೇಲೆ ದನ, ಚಕ್ಕಡಿ, ಮದುವೆಯ ದಿಬ್ಬಣ ಎಲ್ಲ ಹೋಗುತ್ತವೆ. ಏರಿ ಇಲ್ಲದ್ದನ್ನು ನಾವು ಕೆರೆ ಎನ್ನುವುದಿಲ್ಲ, ತಗ್ಗು ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ಇಂಥ ಕೆರೆಗಳನ್ನೇ ನೋಡಿದವನು ನಾನು. ಸರೋವರದ ದಡದಲ್ಲಿ ಒಂದು ಬಿಳಿಯ ಜಾಗ ಇದೆ, ಮಟ್ಟಸವಾಗಿದೆ. ಮಟ್ಟಸ ಮಾಡಿದವನು ನಾನೇ ಎಂಬುದು ಅರ್ಧ ತಾಸಿನಲ್ಲಿ ಮರೆತುಹೋಗಿತ್ತು.

"ಐತ್ರಿ," ಎಂದೆ.

"ಹಂಗಾದರ ಬರಿ ಅಲ್ಲೆ. ಏರಿ ಅಂತ ಬರಿ. ನನ್ನ ಮುಂದ ಬರಿ."

ಚಾಚಿಗೆ ಓದಲು ಬರುತ್ತಿರಲಿಲ್ಲ. ಮಕ್ತುಮನೊಬ್ಬನೇ ಮಗ, ಅವನ ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಬರೆದದ್ದು ಸುಳ್ಳಾಗುವುದಿಲ್ಲ ಎಂಬ ನಂಬಿಕೆ ಓದು ಬಾರದವರಿಗೆ ಇರುವಷ್ಟು ಓದಿದವರಿಗೆ ಇರುವುದಿಲ್ಲ. ನಾನು ಮಸಿಯ ಪೆನ್ನು ತೆಗೆದು, ಬಂಡೆಯ ಗೋಡೆಯ ಮೇಲೆ, ಮುತ್ತಿನಂಥ ಅಕ್ಷರದಲ್ಲಿ, ಏರಿ ಎಂದು ಬರೆದೆ. ಅದರ ಮೇಲೆ ಕೆಂಪು ನೂಲು ಅಂಟಿಸಿದೆ. ಅಳೆದರೆ ಎರಡು ತಾಸಿನ ಹಾದಿ. ಚಾಚಿ ಒಳಗೆ ಹೋದರು, ಪಂಜಾದ ಸದ್ದು ಮತ್ತೆ ಸುರುವಾಯಿತು. ಮಗನನ್ನು ಕಳಿಸಲು ಅವರು ಒಪ್ಪಿದ್ದು ಹೀಗೆ.

ಬೀಳ್ಕೊಡುಗೆಯ ಸಮಾರಂಭದಲ್ಲಿ ಊರ ಗಣ್ಯರೊಬ್ಬರು ನಮಗೆ ತಲೆಗೊಂದು ಶಾಲು ಹೊದಿಸಿದರು. ಏಪ್ರಿಲ್ ತಿಂಗಳ ಅಣ್ಣಿಗೇರಿಯಲ್ಲಿ ಶಾಲು ಹೊದ್ದು ಒಂದೂವರೆ ತಾಸು ಭಾಷಣ ಕೇಳುವುದು ನಮ್ಮ ತರಬೇತಿಯ ಅತ್ಯಂತ ಕಠಿಣ ಭಾಗವಾಗಿತ್ತು.

ರೈಲಿನ ದಿನಗಳನ್ನು ಬಿಡುತ್ತೇನೆ. ಬೆಟ್ಟದ ಕೊನೆಯ ಹಳ್ಳಿಯಲ್ಲಿ ನಮಗೆ ಹಾದಿ ತೋರಿಸಲು ಬಲಬೀರ ಎಂಬವನು ಗೊತ್ತಾದ. ನಲವತ್ತರ ಆಸುಪಾಸು, ನನ್ನ ಭುಜದಷ್ಟು ಎತ್ತರ, ಕೈಯಲ್ಲೊಂದು ಉದ್ದ ಬಡಿಗೆ. ಸರ್ ನಮ್ಮ ನಕ್ಷೆ ಬಿಚ್ಚಿದರು. ಬಲಬೀರ ಅದನ್ನು ಬಹಳ ಮರ್ಯಾದೆಯಿಂದ ನೋಡಿ, ಪೂರ್ವದ ದಡದ ಮೇಲೆ ಬೆರಳಿಟ್ಟು ಇದೇನು ಬರೆದದ್ದು ಎಂದು ಕೇಳಿದ. ಮಕ್ತುಮ ಅರ್ಥ ಹೇಳಿದ. ಬಲಬೀರ ಏನೋ ಅಂದ.

"ಏನಂತಾನೋ?" ಸರ್ ಕೇಳಿದರು.

"ಈ ಏರಿ ಕಟ್ಟಿದವರು ಯಾರು ಅಂತ ಕೇಳ್ತಾನ್ರಿ," ಮಕ್ತುಮ ಅಂದ.

ಆ ಕಡೆ ಹಾದಿಯೇ ಇಲ್ಲ, ಹಿಂದಿನ ಗುಡ್ಡದ ನೆತ್ತಿ ಹತ್ತಿ ಇಳಿಯಬೇಕು, ಇಡೀ ದಿನ ಹಿಡಿಯುತ್ತದೆ ಎಂಬುದು ಬಲಬೀರನ ಮಾತಿನ ಸಾರ. ನಕ್ಷೆಯ ಪ್ರಕಾರ ಎರಡೇ ತಾಸು ಎಂದು ಸರ್ ವಾದಿಸಿದರು. ಅಲ್ಲೇ ಹುಟ್ಟಿ ಬೆಳೆದವನಿಗೆ ಆ ಜಾಗ ಗೊತ್ತಿಲ್ಲ, ಮಕ್ತುಮನ ಪಡಸಾಲೆಗೆ ಗೊತ್ತಿದೆ. ನಕ್ಷೆ ಬರೆದವನು ನಾನು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸರ್ ನನ್ನ ಬೆನ್ನು ತಟ್ಟುತ್ತಿದ್ದರು, ಅದು ಹಿತವಾಗಿತ್ತು.

ಸರೋವರ ಮುಟ್ಟಿದೆವು. ಅದರ ಚೆಲುವನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ, ಆಸೆಯೂ ಉಳಿದಿಲ್ಲ. ಮೇ ಮುಗಿಯುತ್ತ ಬಂದಿದ್ದರೂ ಮುಕ್ಕಾಲು ಭಾಗ ಹೆಪ್ಪುಗಟ್ಟಿತ್ತು, ಮೇಲೆ ಅಲ್ಲಲ್ಲಿ ಹೊಸ ಹಿಮ ಬಿದ್ದಿತ್ತು. ದಡದಲ್ಲಿ ನೀರು ಬಿಟ್ಟುಕೊಂಡ ಒಂದು ಕಡೆ ಬಲಬೀರ ನಮ್ಮ ಬಾಟಲಿ ತುಂಬಿಸಿದ. ಪೂರ್ವಕ್ಕೆ ಹೊರಟರೆ ಮೊದಲ ಅರ್ಧ ತಾಸು ನನ್ನ ನಕ್ಷೆಯೇ ಗೆದ್ದಿತು. ನೀರ ಬದಿಗೆ ಕಲ್ಲುಗಳ ಉದ್ದ ರಾಶಿ, ಥೇಟ್ ನಮ್ಮೂರ ಏರಿ. ಸರ್ ತಿರುತಿರುಗಿ ಬಲಬೀರನ ಮುಖ ನೋಡುತ್ತಿದ್ದರು. ಏರಿಯ ಮೇಲೊಂದು ಫೋಟೋ ಆಗಲಿ ಎಂದು ಮೂರೂ ಶಾಲುಗಳನ್ನು ಕೊರಳಿಗೆ ಹಾಕಿಸಿದರು.

ಆಮೇಲೆ ಗೋಡೆ ಬಂತು. ನಾನು ಬಿಟ್ಟ ಗೆರೆಗಳೆಲ್ಲ ಅಲ್ಲಿ ನಿಂತಿದ್ದವು, ಒಂದೂ ತಪ್ಪಿರಲಿಲ್ಲ. ನೀರಿನಿಂದ ನೆಟ್ಟಗೆ ಎದ್ದ ಕರಿಯ ಬಂಡೆ, ಬೆಕ್ಕು ಕಾಲಿಡುವಷ್ಟೂ ಅಂಚು ಇಲ್ಲ.

ಬಲಬೀರ ನಗಲಿಲ್ಲ, ಅದು ಅವನ ದೊಡ್ಡತನ. ಮೇಲೆ ಹತ್ತಲು ಸಂದು ಇದೆಯೋ ನೋಡಿಬರುತ್ತೇನೆ, ಇಲ್ಲೇ ಕುಳಿತಿರಿ, ನೀರ ಮೇಲೆ ಕಾಲಿಡಬೇಡಿ ಎಂದು ಹೇಳಿ ಹೋದ. ಮಕ್ತುಮ ಒಂದಕ್ಷರ ಬಿಡದೆ ಅದನ್ನು ಕನ್ನಡ ಮಾಡಿದ. ನಾವು ಒಂದಕ್ಷರ ಬಿಡದೆ ಕೇಳಿದೆವು. ಕಾಲು ತಾಸು ಕುಳಿತೆವು.

ಗೋಡೆಯ ಆಚೆ ಬದಿಗೆ ಕಲ್ಲಿನ ಏರಿ ಮತ್ತೆ ಸುರುವಾದದ್ದು ಕಾಣುತ್ತಿತ್ತು. ನಡುವೆ ಸರೋವರದ ಒಂದು ಮೂಲೆ, ನವಲಗುಂದದ ಪೇಟೆ ಓಣಿಯಷ್ಟು ಅಗಲ, ಪೂರಾ ಹೆಪ್ಪುಗಟ್ಟಿದ್ದು. ಇಷ್ಟು ದಾಟಿದರೆ ಆತಲ್ಲ ಎಂದು ಮೊದಲು ಅಂದವರು ಸರ್. ಹೇಗೆ ದಾಟುವುದು ಎಂದು ಹೇಳಿಕೊಟ್ಟವನು ನಾನು.

ಊರ ಹೊರಗಿನ ದನದ ಕೆರೆ ಬೇಸಿಗೆಯಲ್ಲಿ ಬತ್ತಿದಾಗ ನಾವು ಅದರ ನಡುವೆ ಹಾದು ಹೊಲಕ್ಕೆ ಹೋಗುತ್ತಿದ್ದೆವು. ಮೇಲೆ ಒಣಗಿದ ಹೆಂಟೆ, ಕೆಳಗೆ ಸೊಂಟದ ತನಕ ಕೆಸರು. ಕಪ್ಪು ಮಣ್ಣು ಒಣಗಿದರೆ ಬೂದಿಯ ಬಣ್ಣಕ್ಕೆ ಬರುತ್ತದೆ, ಹಸಿ ಇದ್ದರೆ ಕರ್ರಗಿರುತ್ತದೆ. ಬೆಳ್ಳಗಿದ್ದಲ್ಲಿ ಕಾಲಿಡು, ಕರ್ರಗಿದ್ದಲ್ಲಿ ಬಿಡು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಲ್ಲಿಯ ಮಂಜುಗಡ್ಡೆಯ ಮೇಲೂ ಎರಡು ಬಣ್ಣ ಇದ್ದವು. ಹೆಚ್ಚು ಭಾಗ ಗಾಜಿನಂತೆ ಕರ್ರಗೆ, ಬಂಡೆಯ ಹತ್ತಿರ ಒಂದು ಪಟ್ಟಿ ಬೆಳ್ಳಗೆ. ನಾನು ಆ ಬಿಳಿಯ ಪಟ್ಟಿ ತೋರಿಸಿ ಗಾದೆ ಹೇಳಿದೆ. ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ದನದ ಕೆರೆಯ ಗಾದೆ. ಮೂವರಿಗೂ ಅದು ಅಗದಿ ಸರಿ ಅನಿಸಿತು.

ಹಗುರಾಗಿ ಹೋಗಿ ಮೊದಲು ತಾನು ನೋಡುತ್ತೇನೆಂದು ಮಕ್ತುಮ ಚೀಲ, ದಪ್ಪ ಕೋಟು ಇಳಿಸಿದ. ಆಮೇಲೆ ಕುಳಿತು ಬೂಟು ಬಿಚ್ಚತೊಡಗಿದ. ಯಾಕೆಂದು ಕೇಳಿದೆ.

"ಕುಡಿಯೂ ನೀರಲೇ ಇದು," ಅಂದ.

ನಮ್ಮೂರ ಕುಡಿಯುವ ನೀರಿನ ಕೆರೆಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಮೆಟ್ಟಿಲ ಮೇಲೆ ಬಿಟ್ಟು ಇಳಿಯಬೇಕು. ಮರೆತು ಕಾಲಿಟ್ಟರೆ ಏರಿಯ ಮೇಲೆ ಕುಳಿತ ಮುದುಕರು ನಾಲ್ಕು ಪೀಳಿಗೆ ತೆಗೆದು ಬೈಯುತ್ತಾರೆ. ಆಗಷ್ಟೇ ಬಲಬೀರ ಇದೇ ನೀರನ್ನು ಬಾಟಲಿಗೆ ತುಂಬಿಸಿದ್ದ. ಆದ್ದರಿಂದ ಇದು ಕುಡಿಯುವ ಕೆರೆ. ಆದ್ದರಿಂದ ಬೂಟು ಬಿಡಬೇಕು. ನನಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಬೂಟುಗಳನ್ನು ನನ್ನ ಕೈಗೆ ಕೊಟ್ಟು, ಉಣ್ಣೆಯ ಕಾಲುಚೀಲದಲ್ಲಿ ಬಿಳಿಯ ಪಟ್ಟಿಯ ಮೇಲೆ ಹೊರಟ.

ಹನ್ನೊಂದು ಹೆಜ್ಜೆ. ಎಷ್ಟು ಸಲ ಎಣಿಸಿದರೂ ಹನ್ನೊಂದೇ. ಹನ್ನೆರಡನೆಯದಕ್ಕೆ ಹಪ್ಪಳ ಮುರಿದಷ್ಟು ಸದ್ದಾಯಿತು. ಮಕ್ತುಮ ಕಂಕುಳ ತನಕ ಇರಲಿಲ್ಲ. ಎರಡು ಮೊಣಕೈ ಮಂಜಿನ ಮೇಲೆ, ನಡುವೆ ಮುಖ. ಕೂಗಲಿಲ್ಲ. ನನ್ನ ಕಡೆ ನೋಡಿ, ಪಡಸಾಲೆಯಲ್ಲಿ ಮಾತಾಡುವ ದನಿಯಲ್ಲೇ ಅಂದ:

"ಈರ್ಯಾ, ಇಲ್ಲೆ ತಳ ಇಲ್ಲಲೇ."

ನಮ್ಮ ಕೆರೆಗಳಲ್ಲಿ ಮುಳುಗಿದವನಿಗೂ ತಳದ ಕೆಸರು ಸಿಗುತ್ತದೆ.

ಸರ್ ಗಾಬರಿಯಾಗಬೇಡ ಎಂದು ಇಂಗ್ಲಿಷಿನಲ್ಲಿ ಕೂಗತೊಡಗಿದರು, ಮಕ್ತುಮನಿಗಲ್ಲ, ಬೆಟ್ಟಕ್ಕೆ. ನಾನೇನು ಮಾಡಿದೆ? ಒಂದು ಕೈಯಲ್ಲಿ ಬೂಟು ಹಿಡಿದುಕೊಂಡು ಇನ್ನೊಂದು ಕೈಯ ಗಡಿಯಾರ ನೋಡಿದೆ. ಪರೀಕ್ಷೆಯಲ್ಲಿ ಉತ್ತರ ಬಾರದವರು ನೋಡುವ ಹಾಗೆ. ಎರಡೂ ಮೂವತ್ತೈದು. ಆ ಗಳಿಗೆಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಇದನ್ನೇ ತಿರುಗಾಮುರುಗಾ ನೋಡುತ್ತಿರುತ್ತೇನೆ: ಅವನು ನೀರಿನಲ್ಲಿ, ನಾನು ವೇಳೆ ನೋಡುತ್ತ.

ಬಲಬೀರ ಕಲ್ಲುಗಳ ಮೇಲೆ ಕುಂಡಿಯಲ್ಲಿ ಜಾರುತ್ತ ಬಂದ. ನಮ್ಮ ಕೊರಳ ಶಾಲುಗಳನ್ನು ಕಿತ್ತು, ಒಂದಕ್ಕೊಂದು ಗಂಟು ಹಾಕಿ, ತುದಿಗೆ ಬಡಿಗೆ ಕಟ್ಟಿದ. ಮಂಜಿನ ಮೇಲೆ ಹೊಟ್ಟೆಯಲ್ಲಿ ಮಲಗಿ, ಕರ್ರಗಿದ್ದ ಕಡೆಯಿಂದ ಹಲ್ಲಿಯ ಹಾಗೆ ಸರಿದ. ನಾನು ಇನ್ನೂ ನಿಂತೇ ಇದ್ದೆ. ತಿರುಗಿ ನನ್ನ ಮೊಣಕಾಲಿಗೆ ಒಂದು ಒದ್ದ. ಆಗ ನನಗೆ ಅರ್ಥವಾಯಿತು, ಮಲಗಿ ಅವನ ಪಾದ ಹಿಡಿದೆ. ನನ್ನ ಪಾದ ಸರ್ ಹಿಡಿದರು. ಮಕ್ತುಮ ಹೊರಗೆ ಬಂದಾಗ ಎರಡೂ ನಲವತ್ತೆರಡು. ಸನ್ಮಾನದ ಶಾಲು ಒಬ್ಬ ಮನುಷ್ಯನ ಕೆಲಸಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವನ ಬಟ್ಟೆ ಬಿಚ್ಚಿ, ತಿಕ್ಕಿ, ಒಣ ಕೋಟು ಹಾಕಿ, ಒಣ ಬೂಟು ತೊಡಿಸಿದೆವು. ಬಲಬೀರ ಬೈಯತೊಡಗಿದ. ಅದನ್ನು ಅರ್ಥ ಮಾಡಿ ಹೇಳಬೇಕಾದವನು ಹಲ್ಲು ಕಟಕಟಿಸುತ್ತಿದ್ದ ಮಕ್ತುಮನೇ.

"ಅಂವ ಅಂತಾನ... ಕರ್ರಗಿದ್ದದ್ದು ಗಟ್ಟಿ ಅಂತ. ಬೆಳ್ಳಗಿದ್ದಲ್ಲಿ ಮ್ಯಾಲೆ ಬರೇ ಹಿಮ, ಕೆಳಗ ಝರಿ ಬಂದು ಕೂಡತೈತಂತ. ಬೂಟು ಒಣಗಿದ್ವು ಅಂತ ಕಾಲು ಉಳದಾವಂತ. ಮತ್ತ... ಮೂರೂ ಮಂದಿ ಕತ್ತೆಗೋಳು ಅಂತಾನ."

ಬಲಬೀರ ಇಬ್ಬರು ಎಂದೇ ಅಂದಿರಬೇಕು. ಮಕ್ತುಮ ಸೌಜನ್ಯಕ್ಕೆ ತನ್ನನ್ನೂ ಸೇರಿಸಿಕೊಂಡ.

ತನ್ನ ತಾಯಿಗೆ ಹೇಳಬಾರದೆಂದು ಹಿಂದಿರುಗುವ ರೈಲಿನಲ್ಲಿ ಅವನು ನನ್ನಿಂದ ಆಣೆ ಮಾಡಿಸಿಕೊಂಡ. ಊರಿಗೆ ಬಂದ ಮೇಲೆ ಸನ್ಮಾನ. ಅವೇ ಶಾಲುಗಳನ್ನು ಇಸ್ತ್ರಿ ಮಾಡಿಸಿ ಮತ್ತೆ ಹೊದಿಸಿದರು. ಸರ್ ಭಾಷಣದಲ್ಲಿ ಮಕ್ತುಮ ಬಿದ್ದದ್ದು ಮಂಜಿನ ಪರೀಕ್ಷೆಯಾಯಿತು, ಬಲಬೀರನ ಬಡಿಗೆ ತಂಡದ ಸಮಯಪ್ರಜ್ಞೆಯಾಯಿತು. ಅಣ್ಣಿಗೇರಿಯಲ್ಲಿ ಹೇಳಿದ್ದು ನವಲಗುಂದದಲ್ಲಿದ್ದ ಚಾಚಿಯ ಕಿವಿಗೆ ಮುಟ್ಟಲಿಲ್ಲವೆಂಬುದೇ ನಮ್ಮ ಪುಣ್ಯ. ನಕ್ಷೆಗೆ ಕಟ್ಟು ಹಾಕಿಸಿ ಭೂಗೋಳ ವಿಭಾಗದ ಗೋಡೆಗೆ ತೂಗುಹಾಕಿದರು, ಕೆಂಪು ನೂಲು, ಏರಿ ಎಲ್ಲ ಸಮೇತ. ಕೆಳಗೆ ಮಾರ್ಗ ಯೋಜಕ ಎಂದು ನನ್ನ ಹೆಸರು. ನೋಡಿದವರೆಲ್ಲ ಅಕ್ಷರ ಎಷ್ಟು ದುಂಡಗಿವೆ ಎಂದರು. ಸರ್ ಅದರ ಬಲದ ಮೇಲೆ ಒಂದು ಶಿಫಾರಸು ಪತ್ರ ಬರೆದುಕೊಟ್ಟರು. ಆ ಪತ್ರದಿಂದ ನನಗೆ ಹುಬ್ಬಳ್ಳಿಯ ಒಂದು ಸರಕಾರಿ ಕಚೇರಿಯಲ್ಲಿ ನಕಾಶೆಗಳ ಪ್ರತಿ ತೆಗೆಯುವ ಹುದ್ದೆಗೆ ಸಂದರ್ಶನದ ಕರೆ ಬಂತು. ನಗುವಿರೇನೋ. ನನಗಾಗ ನಗು ಬರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಇನ್ನೇನು ಜೊಂಪು ಹತ್ತಿತು ಎನ್ನುವಾಗ ಕಾಲು ಕೆಳಗೆ ಇಳಿಯುತ್ತಿತ್ತು, ತಳ ಸಿಗುತ್ತಿರಲಿಲ್ಲ, ಜಾಡಿಸಿ ಎದ್ದು ಕೂಡುತ್ತಿದ್ದೆ. ವೈದ್ಯರು ವಾಯು ಎಂದರು. ಅವ್ವ ಅಂಗಾಲಿಗೆ ಎಣ್ಣೆ ತಿಕ್ಕಿದಳು. ಮಕ್ತುಮ ಮಾತ್ರ ಹೊಡೆದು ಹಾಕಿದ ಹಾಗೆ ಮಲಗುತ್ತಿದ್ದ. ಬಿದ್ದವ ನಾನು, ಎಚ್ಚರ ಇರಾವ ನೀನು, ಎಂಥಾ ಅಡ್ಡ ಮನಶ್ಯಾ ಅದೀಲೇ ಎಂದು ನನ್ನನ್ನೇ ಹಾಸ್ಯ ಮಾಡಿದ.

ಐದು ವಾರ ಹೀಗೆ ಹೋದವು. ಚಾಚಿ ಕಂಡಾಗೆಲ್ಲ ಕರೆದು ಚಹಾ ಕೊಡುವರು. ನನ್ನ ಮಗನನ್ನು ಏರಿ ಹಿಡಿದು ಕರೆದೊಯ್ದು ಏರಿ ಹಿಡಿದು ಕರೆತಂದವನು ಎಂದು ಓಣಿಯವರಿಗೆ ಹೇಳುವರು. ಆ ಚಹಾ ಕುಡಿಯುವುದು ಹದಿನಾಲ್ಕು ಸಾವಿರ ಅಡಿ ಹತ್ತುವುದಕ್ಕಿಂತ ಕಷ್ಟವಿತ್ತು. ಒಂದು ಗುರುವಾರ ಅವರು ಮಗ್ಗದ ಮುಂದೆ ಕುಳಿತೇ, ಬಾಜೂ ಮನೆಯವಳ ಮಗನೂ ಬರುವ ವರ್ಷದ ತಂಡಕ್ಕೆ ಹೆಸರು ಕೊಟ್ಟಿದ್ದಾನೆ ಎಂದರು. ಎಂಟು ಮಂದಿ ಹೋಗುತ್ತಾರಂತೆ, ಅದೇ ನಕ್ಷೆ ಹಿಡಿದು. ಅವನ ತಾಯಿ ಹೆದರಿ ಕೇಳಲು ಬಂದಿದ್ದಳಂತೆ.

"ನಾ ಹೇಳೇನಿ ಆಕಿಗೆ. ಏರಿ ಐತಿ, ಈರ್ಯಾ ನನ್ನ ಮುಂದ ಬರದಾನ, ಚಿಂತಿ ಮಾಡಬ್ಯಾಡ ಅಂತ."

ಆಣೆ ಮುರಿದೆ. ಪೆನ್ಸಿಲ್ ಮೊನೆಯಿಂದ ಹಿಡಿದು ಗಡಿಯಾರ ನೋಡಿದ್ದರ ತನಕ ಎಲ್ಲ ಹೇಳಿದೆ. ಯಾವಾಗಲೋ ಪಂಜಾದ ಸದ್ದು ನಿಂತಿತ್ತು. ಚಾಚಿ ಅಳಲಿಲ್ಲ, ಬೈಯಲಿಲ್ಲ. ನೂಲಿನ ಮೇಲಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

"ಆ ಹಾಳಿ ಈಗ ಎಲ್ಲೈತಿ?"

"ಅಣ್ಣಿಗೇರ್ಯಾಗ. ಗ್ವಾಡಿ ಮ್ಯಾಲೆ."

"ತಗೊಂಬಾ. ಇವತ್ತ."

ಮುಂದಿನ ಬಸ್ಸು ಹಿಡಿದು ಹೋದೆ. ಸರ್ ವಿಭಾಗದಲ್ಲೇ ಇದ್ದರು. ಕುರ್ಚಿ ಹತ್ತಿ ಕಟ್ಟು ಇಳಿಸುತ್ತ ವಿಷಯ ಹೇಳಿದೆ. ಅವರು ಕನ್ನಡಕ ಒರೆಸಿದರು. ಸಣ್ಣ ತಪ್ಪು, ಮುಂದಿನ ಪ್ರತಿಯಲ್ಲಿ ತಿದ್ದಿದರಾಯಿತು ಎಂದರು. ಆಮೇಲೆ ಗೋಡೆಯ ಮೇಲೆ ಉಳಿದ ಚೌಕದ ಗುರುತನ್ನು ನೋಡಿ ನಿಜವಾಗಿಯೂ ಚಿಂತೆಗೆ ಬಿದ್ದರು.

"ಇದನ್ನ ಒಯ್ದರ ಅಲ್ಲೆ ಏನ ಹಾಕೂದೋ?"

"ನಿಮ್ಮ ಶಾಲು ಹಾಕ್ರಿ ಸರ್," ಎಂದೆ. ಗುರುಗಳಿಗೆ ನಾನು ಎದುರಾಡಿದ್ದು ಅದೊಂದೇ ಮಾತು. ಹಾಗೆ ನೋಡಿದರೆ ಒಂದೂವರೆ ತಿಂಗಳು ತಡವಾಗಿತ್ತು. ನಕ್ಷೆಯೇ ಇಲ್ಲವಾದ ಮೇಲೆ ಮರುವರ್ಷ ಆ ಎಂಟು ಮಂದಿ ಬಾದಾಮಿಗೆ ಹೋಗಿ, ಮಂಗಗಳ ಕೈಗೆ ಬುತ್ತಿ ಕೊಟ್ಟು, ಕ್ಷೇಮವಾಗಿ ಬಂದರು.

ಸಂಜೆಯಾಗುವ ಮೊದಲು ಕಟ್ಟು ಬಿಚ್ಚಿ ಹಾಳೆಯನ್ನು ಅದೇ ಜಮಖಾನೆಯ ಮೇಲೆ ಹಾಸಿದೆ. ಮಕ್ತುಮ ಬಾಗಿಲಲ್ಲಿ ನಿಂತಿದ್ದ, ತಾಯಿಯ ಮುಖ ನೋಡಲಾರದೆ. ಏರಿ ಅಂತ ಬರೆದದ್ದು ಎಲ್ಲಿ ಎಂದು ಚಾಚಿ ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು.

"ಇಷ್ಟ ಏನು? ಎರಡಽ ಅಕ್ಷರ?"

"ಎರಡಽ ರೀ ಚಾಚಿ."

"ಎರಡು ಅಕ್ಷರಕ್ಕ ಮಗನ್ನ ಕಳಿಸಿದ್ನಲ್ಲೋ ನಾ," ಎಂದರು. ನನಗಲ್ಲ, ತಮಗೇ.

ಆಮೇಲೆ ಉಗುರಿನಿಂದ ಕೆಂಪು ನೂಲಿನ ತುದಿ ಎಬ್ಬಿಸಿ, ಹಾದಿಯ ಉದ್ದಕ್ಕೂ ಮೆಲ್ಲಗೆ ಬಿಡಿಸುತ್ತ ಬಂದರು. ಬಂಡೆಯ ಹತ್ತಿರ ಅಂಟು ಗಟ್ಟಿಯಾಗಿತ್ತು, ಅಲ್ಲಿ ಕಾಗದವೂ ಸ್ವಲ್ಪ ಕಿತ್ತುಬಂತು. ನೂಲನ್ನು ಬೆರಳಿಗೆ ಸುತ್ತಿ ಬುಟ್ಟಿಗೆ ಹಾಕಿಕೊಂಡರು. ಹಾಳೆಯನ್ನು ಒಲೆಗೆ ಹಾಕು ಎಂದರು, ಹಾಕಿದೆ. ಅದರ ಮೇಲೇ ಚಹಾ ಕಾಯಿಸಿದರು. ಆ ದಿನದ ಚಹಾ ಮಾತ್ರ ಗಂಟಲಲ್ಲಿ ಇಳಿಯಿತು.

ಮರುದಿನ ಶುಕ್ರವಾರ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ನನ್ನ ಸಂದರ್ಶನ. ಅಂಗಿ ಇಸ್ತ್ರಿ ಮಾಡಿ, ಪತ್ರ ಜೇಬಿನಲ್ಲಿಟ್ಟು, ಬಸ್ಸಿನ ವೇಳೆ ಅವ್ವನಿಗೆ ಹೇಳಿ ಮಲಗಿದೆ. ಕಾಲು ಕೆಳಗೆ ಇಳಿಯಿತು. ಇಳಿಯಿತು. ಹಾಸಿದ ಜಮಖಾನೆಗೆ ತಗುಲಿ ನಿಂತಿತು.

ಕಣ್ಣು ಬಿಟ್ಟದ್ದು ಹಾರ್ನಿನ ಸದ್ದಿಗೆ. ಬೆಳಕು ಕಿಟಕಿ ದಾಟಿ ನಡುಮನೆಗೆ ಬಂದಿತ್ತು. ಐದು ವಾರದ ಮೇಲೆ ಮಗ ಮಲಗಿದ್ದಾನೆ, ನೌಕರಿ ಇವತ್ತಲ್ಲ ನಾಳೆ ಸಿಕ್ಕೀತು ಎಂದು ಅವ್ವ ಎಬ್ಬಿಸಿರಲಿಲ್ಲ; ಬಾಗಿಲಿಗೆ ಕುಳಿತು ಬಂದವರನ್ನೆಲ್ಲ ಸನ್ನೆ ಮಾಡಿ ವಾಪಸು ಕಳಿಸುತ್ತಿದ್ದಳು. ಗಡಿಯಾರ ನೋಡುವ ಅಗತ್ಯ ಇರಲಿಲ್ಲ, ಹನ್ನೊಂದೂ ಹತ್ತು. ಬಸ್ಸು ತಿರುವು ದಾಟಿ ಹೋಯಿತು. ಸರಕಾರದ ಆ ನಕಾಶೆಗಳ ಪ್ರತಿಯನ್ನು ಬೇರೆ ಯಾರೋ ತೆಗೆದರು. ಅವರ ಪೆನ್ಸಿಲ್ ಮೊನೆ ಹರಿತವಿರಲಿ ಎಂದುಕೊಂಡು ಮಗ್ಗಲು ಬದಲಿಸಿದೆ.